ಬೇರೆ ತಾಯಿಯ ಕರು

ಸಂಗಯ್ಯ ಹೊಳೆದಂಡೆಯ ಆಶ್ರಮಕ್ಕೆ ಬಂದದ್ದು ತನ್ನ ಮೊದಲ ಗುರುಗಳು ತೀರಿಕೊಂಡ ಮೇಲೆ.

ಬಂದವನು ಯಾರಿಗೂ ಭಾರವಾಗಲಿಲ್ಲ. ಕೊಟ್ಟದ್ದನ್ನು ಉಂಡ, ಹೇಳಿದ್ದನ್ನು ಮಾಡಿದ. ಮಧ್ಯಾಹ್ನ ಆಶ್ರಮದ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ. ಸಂಜೆಯ ಪಾಠಕ್ಕೆ ಎಲ್ಲರೂ ಕುಳಿತ ಮೇಲೆ ಬಂದು, ಬಾಗಿಲ ಬಳಿ ಕುಳಿತು, ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದ.

ಆದರೂ ಒಂದು ಅನುಮಾನ ಅವನನ್ನು ಬಿಟ್ಟಿರಲಿಲ್ಲ. ಇಲ್ಲಿಯ ಗುರುಗಳು ಉಳಿದ ಶಿಷ್ಯರನ್ನು ಗದರುತ್ತಿದ್ದರು, ಅವನನ್ನು ಗದರುತ್ತಿರಲಿಲ್ಲ. ಇದು ತನ್ನ ಮನೆಯೋ, ತಾನು ತಂಗಿರುವ ಛತ್ರವೋ ಅವನಿಗೆ ತಿಳಿಯಲಿಲ್ಲ. ಹೊಳೆಯ ನೀರು ಇಳಿದ ಮೇಲೆ ಹೊರಟುಬಿಡುವುದು ಎಂದು ಒಳಗೇ ತೀರ್ಮಾನಿಸಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ.

ಆ ದಿನಗಳಲ್ಲಿ ಆಶ್ರಮದ ಎರಡು ಹಸುಗಳು ಕರು ಹಾಕಿದವು. ಕಪಿಲೆಯ ಕರು ಹುಟ್ಟುವಾಗಲೇ ಸತ್ತಿತ್ತು. ಇನ್ನೊಂದು ಹಸು, ಕರು ಹಾಕಿದ ಮಾರನೆಯ ದಿನ ಹಾವು ಕಚ್ಚಿ ಸತ್ತಿತು. ಅದರ ಕರುವಿಗೆ ಬಾಟಲಿಯ ಹಾಲು ಒಗ್ಗದೆ ಭೇದಿ ಹಿಡಿಯಿತು.

ಗುರುಗಳು ಸಂಗಯ್ಯನನ್ನು ಕರೆದರು.

“ಕಪಿಲೆಯ ಹಾಲು ಕುಡಿದರೆ ಇದು ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ. ನೀನು ನೋಡಿಕೋ.”

“ಆಗಲಿ ಬುದ್ಧಿ.”

ಕಪಿಲೆ ಆ ಕರುವನ್ನು ಹತ್ತಿರ ಸೇರಿಸಲಿಲ್ಲ. ಮೂಸಿ ನೋಡಿತು, ಹಾಯಿತು. ಸಂಗಯ್ಯ ಅದರ ಹಿಂಗಾಲುಗಳನ್ನು ಹಗ್ಗದಿಂದ ಕಟ್ಟಿದ. ಮುಂದೆ ಹಿಂಡಿ ಇಟ್ಟ. ತಿನ್ನುತ್ತಿರುವಾಗ ಕರುವನ್ನು ಕೆಚ್ಚಲಿಗೆ ಬಿಟ್ಟ.

ಕೆಲವು ದಿನಗಳಲ್ಲಿ ಹಗ್ಗ ಸಡಿಲ ಬಿಟ್ಟರೂ ಕಪಿಲೆ ಒದೆಯುವುದನ್ನು ನಿಲ್ಲಿಸಿತು. ಕರುವಿನ ಭೇದಿ ನಿಂತಿತು. ಸಂಗಯ್ಯನಿಗೆ ಸಮಾಧಾನವಾಯಿತು.

ಅಡುಗೆಮನೆಯ ಪುಟ್ಟತಾಯಮ್ಮ ಹಿಂಡಿಯ ಬುಟ್ಟಿ ನೋಡಿ ಕೇಳಿದಳು, “ಏನು ಮೇಷ್ಟ್ರೇ, ಹಸುವಿಗೆ ದಿನಾ ಲಂಚವಾ?”

“ಹಾಲು ಕೊಡುತ್ತಿದೆಯಲ್ಲ ತಾಯಿ.”

“ಲಂಚ ತಗೊಂಡ ಮೇಲೆ ಕೆಲಸ ಮಾಡಿಕೊಡದೆ ಇರುತ್ತಾ?”

ಅದೇ ದಿನ ಸಂಗಯ್ಯ ಗುರುಗಳ ಬಳಿ ಹೋದ. ಅವರು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ಬುದ್ಧಿ, ಒಂದು ಸಣ್ಣ ಸಂದೇಹ.”

“ಸಣ್ಣದಾಗಿದ್ದರೆ ನೀನೇ ಬಗೆಹರಿಸಿಕೊಳ್ಳಬಹುದಿತ್ತು.”

“ಇಂಗ್ಲಿಷಿನದು. ಅಡಾಪ್ಟ್, ಅಡ್ಯಾಪ್ಟ್ ಎಂದು ಎರಡು ಪದ. ನೋಡಲು ಅವಳಿಗಳ ಹಾಗೆ, ನಡುವೆ ಒಂದಕ್ಷರ ಬೇರೆ. ಮಕ್ಕಳು ವ್ಯತ್ಯಾಸ ಕೇಳಿದರು.”

“ಏನು ಹೇಳಿದೆ?”

“ಮೊದಲನೆಯದು ತನ್ನದಾಗಿ ಮಾಡಿಕೊಳ್ಳುವುದು, ಎರಡನೆಯದು ಹೊಂದಿಕೊಳ್ಳುವುದು ಎಂದೆ. ಆದರೆ ವ್ಯತ್ಯಾಸ ಬಹಳವೇನಿಲ್ಲ, ಚೆನ್ನಾಗಿ ಹೊಂದಿಕೊಂಡರೆ ಒಬ್ಬರನ್ನೊಬ್ಬರು ತಮ್ಮದಾಗಿ ಮಾಡಿಕೊಂಡ ಹಾಗೆಯೇ ಎಂದೂ ಸೇರಿಸಿದೆ. ಸರಿಯೆ?”

ಗುರುಗಳು ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು.

“ಕರು ಹೇಗಿದೆ?”

“ಹೊಟ್ಟೆ ತುಂಬ ಕುಡಿಯುತ್ತಿದೆ. ಕಪಿಲೆ ಈಗ ಒದೆಯುವುದಿಲ್ಲ.”

“ಹಾಗಾದರೆ ಕರುವನ್ನು ತನ್ನದಾಗಿ ಮಾಡಿಕೊಂಡಿದೆ ಅನ್ನು.”

“ಹೌದು ಬುದ್ಧಿ.”

“ನಾಳೆ ಎರಡನ್ನೂ ಹೊಳೆಯ ಕಡೆ ಮೇಯಲು ಬಿಡು. ಹಗ್ಗ ಬೇಡ, ಹಿಂಡಿಯೂ ಬೇಡ.”

ಮಾರನೆಯ ಬೆಳಿಗ್ಗೆ ಸಂಗಯ್ಯ ಹಾಗೆಯೇ ಮಾಡಿದ. ಕಪಿಲೆ ಹುಲ್ಲಿನ ಕಡೆ ಹೋಯಿತು. ಕರು ಜಿಗಿಯುತ್ತ ನೀರಿನ ಕಡೆ ಹೋಯಿತು. ಸಂಗಯ್ಯ ಮರದ ನೆರಳಿನಲ್ಲಿ ಕುಳಿತ.

ಸ್ವಲ್ಪ ಹೊತ್ತಿಗೆ ಕರು ಕೂಗಿದ್ದು ಕೇಳಿಸಿತು. ಅದು ದಂಡೆಯ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತು ಹೋಗಿತ್ತು. ಮತ್ತೆ ಮತ್ತೆ ಕೂಗಿತು. ಕಪಿಲೆ ಅಷ್ಟು ದೂರವೇನೂ ಇರಲಿಲ್ಲ. ಮೇಯುತ್ತಲೇ ಇತ್ತು.

ಸಂಗಯ್ಯ ಓಡಿ ಹೋಗಿ ಕೆಸರಿಗೆ ಇಳಿದ. ಎಳೆದ, ಜಾರಿದ, ಮತ್ತೆ ಎಳೆದ. ಕೊನೆಗೆ ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಆಶ್ರಮಕ್ಕೆ ಬಂದ. ಕಪಿಲೆ ಹಿಂದೆ ನಿಧಾನವಾಗಿ, ತನ್ನ ಪಾಡಿಗೆ ತಾನು ಬಂತು.

“ಅಯ್ಯೋ ಮೇಷ್ಟ್ರೇ, ಹಸು ಮೇಯಿಸೋಕೆ ಹೋಗಿ ಎಮ್ಮೆಯಾಗಿ ಬಂದಿರಲ್ಲ,” ಎಂದಳು ಪುಟ್ಟತಾಯಮ್ಮ. ಕರುವಿನ ಮುಖ ಕಂಡ ಮೇಲೆ ನೀರು ತಂದು ತಾನೇ ತೊಳೆದಳು.

ಗುರುಗಳು ಕೊಟ್ಟಿಗೆಗೆ ಬಂದರು.

“ಕೂಗಿತೆ?”

“ಕೂಗಿತು ಬುದ್ಧಿ.”

“ಕಪಿಲೆ?”

“ತಲೆ ಕೂಡ ಎತ್ತಲಿಲ್ಲ.”

“ಹಾಲು ಕೊಡುತ್ತಿತ್ತಲ್ಲ.”

ಸಂಗಯ್ಯ ಕರುವಿನ ಒದ್ದೆ ಬೆನ್ನನ್ನು ಒರೆಸತೊಡಗಿದ.

“ಇದು ಹೇಗೆ ಕುಡಿಯುತ್ತದೆ, ತೋರಿಸು.”

ಸಂಗಯ್ಯ ಹಿಂಡಿ ಇಟ್ಟ. ಕಪಿಲೆ ಬುಟ್ಟಿಗೆ ಬಾಯಿ ಹಾಕಿತು. ಕರು ಅದರ ಹಿಂದೆ ಹೋಗಿ, ಎರಡು ಹಿಂಗಾಲುಗಳ ನಡುವೆ ತಲೆ ತೂರಿಸಿ, ಅವಸರವಾಗಿ ಕುಡಿಯಿತು. ಬಾಲ ಒಳಕ್ಕೆ ಮಡಚಿಕೊಂಡಿತ್ತು. ಕಪಿಲೆ ಕಾಲು ಬದಲಿಸಿದ ಕೂಡಲೇ ಹಿಂದಕ್ಕೆ ಸರಿಯಿತು.

“ಇದನ್ನು ಯಾರು ಕಲಿಸಿದರು?”

“ತಾನೇ ಕಲಿಯಿತು. ಪಕ್ಕದಿಂದ ಹೋದರೆ ಕಪಿಲೆ ಮೂಸಿ, ಹಾಯುತ್ತಿತ್ತು. ಹಿಂದಿನಿಂದ ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ಜಾಣ ಕರು ಬುದ್ಧಿ.”

“ಜಾಣ ಕರುವೇ. ಹೀಗೇ ಕುಡಿದು ಬೆಳೆದುಬಿಡಬಹುದು. ಕಪಿಲೆಗೆ ಹಿಂಡಿ ಸಿಗುತ್ತದೆ, ಇದಕ್ಕೆ ಹಾಲು ಸಿಗುತ್ತದೆ. ಇಬ್ಬರೂ ಚೆನ್ನಾಗಿ ಹೊಂದಿಕೊಂಡಿದ್ದಾರೆ.”

ಸಂಗಯ್ಯ ತಲೆ ತಗ್ಗಿಸಿದ.

“ನಾಳೆ ಮಕ್ಕಳಿಗೆ ಇನ್ನೊಮ್ಮೆ ಪಾಠ ಮಾಡುತ್ತೇನೆ.”

“ಮಕ್ಕಳದ್ದು ಆಮೇಲೆ. ಒಳಗಿನಿಂದ ಕಲ್ಲುಪ್ಪು ತಾ. ಒಂದು ಅಚ್ಚು ಬೆಲ್ಲವನ್ನೂ ತಾ.”

ಗುರುಗಳು ಎರಡನ್ನೂ ನೀರಿನಲ್ಲಿ ಕದಡಿದರು. ಕರುವಿನ ಬೆನ್ನು, ಕತ್ತು, ಹಣೆಗೆ ಸವರಲು ಸಂಗಯ್ಯನಿಗೆ ಹೇಳಿದರು. ಅವನು ಸವರಿದ.

“ಈಗ ಅದನ್ನು ಎತ್ತಿಕೊಂಡು ಹೋಗಿ ಕಪಿಲೆಯ ಮುಖದ ಮುಂದೆ ನಿಲ್ಲಿಸು.”

“ಮುಂದೆಯೆ? ಹಾಯುತ್ತದೆ ಬುದ್ಧಿ.”

“ಹಾಯಬಹುದು.”

“ಕಾಲು ಕಟ್ಟಲೆ?”

“ಕಟ್ಟಿಸಿಕೊಂಡು ಯಾರು ತಾಯಿಯಾಗುತ್ತಾರೆ?”

ಸಂಗಯ್ಯ ಕರುವನ್ನು ಅವುಚಿಕೊಂಡು ಕಪಿಲೆಯ ಮುಂದೆ ಮಂಡಿಯೂರಿದ. ಕಪಿಲೆ ಮೂಸಿತು. ಕೊಂಬು ತಿರುಗಿಸಿ ಒಮ್ಮೆ ನೂಕಿತು. ಸಂಗಯ್ಯನೂ ಕರುವೂ ಸಗಣಿಯ ಮೇಲೆ ಬಿದ್ದರು.

“ಪೆಟ್ಟಾಯಿತೆ?”

“ಇಲ್ಲ.”

“ಹಾಗಾದರೆ ಏಳು. ಇನ್ನೊಂದು ಸಲ.”

ಎರಡನೆಯ ಸಲವೂ ನೂಕಿತು. ಆದರೆ ನೂಕುವಾಗ ಅದರ ಮೂತಿಗೆ ಉಪ್ಪು ತಾಗಿತು. ನಾಲಗೆ ಹೊರಗೆ ಬಂತು. ತನ್ನ ಮೂತಿಯನ್ನು ತಾನೇ ಸವರಿಕೊಂಡಿತು. ಏನನ್ನೋ ಯೋಚಿಸುವಂತೆ ನಿಂತಿತು. ಆಮೇಲೆ ಕರುವಿನ ಹಣೆಯನ್ನು ಒಮ್ಮೆ ನೆಕ್ಕಿತು.

ಕರು ನಡುಗಿತು. ತಪ್ಪಿಸಿಕೊಳ್ಳಲು ನೋಡಿತು.

“ಬಿಡಬೇಡ,” ಎಂದರು ಗುರುಗಳು. “ಅದಕ್ಕೂ ಇದು ಹೊಸದು.”

ಕಪಿಲೆ ಹಣೆ ನೆಕ್ಕಿತು, ಕಿವಿ ನೆಕ್ಕಿತು, ಕತ್ತು ನೆಕ್ಕಿತು. ಕರುವನ್ನು ಹಿಡಿದಿದ್ದ ಸಂಗಯ್ಯನ ಕೈಗಳನ್ನೂ ಬಿಡಲಿಲ್ಲ. ಆ ನಾಲಗೆ ಉಪ್ಪುಕಾಗದದ ಹಾಗೆ ಒರಟಾಗಿತ್ತು. ಅವನು ಕೈ ತೆಗೆಯಲಿಲ್ಲ.

ಉಪ್ಪು ಮುಗಿದ ಮೇಲೂ ಕಪಿಲೆ ನೆಕ್ಕುತ್ತಲೇ ಇತ್ತು. ಗಂಟಲಿನೊಳಗೆ ಸಣ್ಣಗೆ ಒಂದು ದನಿ ಹೊರಡಿಸಿತು. ಸಂಗಯ್ಯ ಆ ದನಿಯನ್ನು ಕಪಿಲೆಯಿಂದ ಹಿಂದೆ ಕೇಳಿರಲಿಲ್ಲ.

ಅವನು ಮೆಲ್ಲನೆ ಕೈ ಬಿಟ್ಟ.

ಕರು ಕಪಿಲೆಯ ಪಕ್ಕಕ್ಕೆ ಹೋಯಿತು. ಹಿಂದಕ್ಕಲ್ಲ, ಪಕ್ಕಕ್ಕೆ. ಕೆಚ್ಚಲಿಗೆ ಒಂದು ಗುದ್ದು ಕೊಟ್ಟು ಬಾಯಿ ಹಾಕಿತು. ಬಾಲ ಮೇಲೆದ್ದು ಅಲ್ಲಾಡತೊಡಗಿತು. ಕಪಿಲೆ ಕತ್ತು ತಿರುಗಿಸಿ ಅದರ ಬಾಲದ ಬುಡವನ್ನು ನೆಕ್ಕುತ್ತ ನಿಂತಿತು. ಹಿಂಡಿಯ ಬುಟ್ಟಿ ಹಾಗೇ ಇತ್ತು.

ಗುರುಶಿಷ್ಯರು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ನೋಡಿದರು. ಬಿಸಿಲು ಇಳಿಯುತ್ತಿತ್ತು. ಇಬ್ಬರಿಗೂ ಏಳುವ ಅವಸರವಿರಲಿಲ್ಲ.

ಸಂಗಯ್ಯ ಹೇಳಿದ, “ಬುದ್ಧಿ, ಹೊಳೆಯ ನೀರು ಇಳಿದ ಮೇಲೆ ನಾನು ಹೊರಡಬೇಕೆಂದಿದ್ದೆ.”

“ಗೊತ್ತು.”

“ನಾನು ಯಾರಿಗೂ ಹೇಳಿರಲಿಲ್ಲ.”

“ಹೇಳದಿದ್ದರೇನು, ದಿನಾ ಹೋಗಿ ನೀರು ನೋಡಿ ಬರುತ್ತಿದ್ದೆಯಲ್ಲ.”

ಸಂಗಯ್ಯ ನಕ್ಕ. ಆಮೇಲೆ ಅವನ ದನಿ ಸಣ್ಣದಾಯಿತು.

“ಇಲ್ಲಿಗೆ ಬಂದ ಮೇಲೆ ಒಂದು ದಿನವೂ ನಿಮಗೆ ತೊಂದರೆ ಕೊಡಲಿಲ್ಲ. ಏನನ್ನೂ ಕೇಳಲಿಲ್ಲ. ಆದರೂ ನೀವು ನನ್ನನ್ನು ನಿಮ್ಮವನಾಗಿ ಮಾಡಿಕೊಳ್ಳಲಿಲ್ಲವಲ್ಲ ಬುದ್ಧಿ. ಯಾಕೆ?”

ಗುರುಗಳು ಅವನ ಹೆಗಲಿಗೆ ಅಂಟಿದ್ದ ಒಣಕೆಸರನ್ನು ಬೆರಳಿನಿಂದ ಉದುರಿಸಿದರು.

“ಹಿಂದಿನಿಂದ ಬಂದು ಕುಡಿದು ಓಡಿಹೋಗುವವನನ್ನು ನಾನು ಹೇಗಪ್ಪಾ ನೆಕ್ಕಲಿ?”