ಬಿಚ್ಚಿದ ಕೌದಿ

“ಗುರುಗಳೇ, ಕಲಿತದ್ದು ಸಾಕು, ಇನ್ನು ಕೆಲಸಕ್ಕೆ ಕೈಹಾಕಬಹುದು ಎಂದು ಒಬ್ಬನಿಗೆ ತಿಳಿಯುವುದು ಯಾವಾಗ?”

ಕೇಳಿದವನು ಅಡಿವೆಯ್ಯ, ಮಠದಲ್ಲಿ ಬಹಳ ವರ್ಷ ಓದಿದ ಶಿಷ್ಯ. ಅವನು ಹೀಗೆ ಕೇಳುವುದಕ್ಕೆ ಕಾರಣವಿತ್ತು. ಹೊಳೆಯಾಚೆಯ ಹಳ್ಳಿಯಿಂದ ಇಬ್ಬರು ಹಿರಿಯರು ಬಂದಿದ್ದರು. ಅವರ ಊರಿನ ಮಕ್ಕಳಿಗೆ ಅಕ್ಷರ ಕಲಿಸುವವರು ಯಾರೂ ಇರಲಿಲ್ಲ. ಅಡಿವೆಯ್ಯನನ್ನು ಕಳಿಸಿಕೊಡಿ ಎಂದು ಹೋದ ಚಳಿಗಾಲದಲ್ಲೂ ಬಂದು ಕೇಳಿದ್ದರು. ಆಗ ಅವನು, ವ್ಯಾಕರಣ ಇನ್ನೊಂದು ಸಲ ಆಗಲಿ ಎಂದು ಹೇಳಿ ಕಳಿಸಿದ್ದ. ಈಗ ವ್ಯಾಕರಣ ಮುಗಿದಿತ್ತು. ಆದರೂ ಬೆಳಗಿನಿಂದ ಅವನಿಗೆ ಒಂದೇ ಯೋಚನೆ. ಮಕ್ಕಳು ಏನಾದರೂ ಕೇಳಿ ತನಗೆ ಉತ್ತರ ಬಾರದಿದ್ದರೆ? ಗೊತ್ತಿಲ್ಲದೆ ತಪ್ಪು ಕಲಿಸಿಬಿಟ್ಟರೆ? ಹಿರಿಯರಿಗೆ ಮುಖ ಕೊಡಲಾರದೆ ಅವನು ಹಿತ್ತಲ ಬಾಗಿಲಿನಿಂದ ಗುರುಗಳ ಕೋಣೆಗೆ ಬಂದಿದ್ದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಕೂತುಕೋ. ನಡುವೆ ಬಾಯಿ ಹಾಕಬೇಡ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮುದುಕಿ ಇದ್ದಳು. ಮಾಗಿಯ ಚಳಿ ಬಿದ್ದು ಹೊಲದ ಕೆಲಸ ಹಗುರಾದಾಗ, ಊರಿಗೆ ಹೊಸದಾಗಿ ಬಂದ ಸೊಸೆಯಂದಿರನ್ನೆಲ್ಲ ಅವಳು ತನ್ನ ಪಡಸಾಲೆಗೆ ಕರೆಯುತ್ತಿದ್ದಳು. ಮಧ್ಯಾಹ್ನದ ಬಿಸಿಲು ಪಡಸಾಲೆಗೆ ಇಳಿಯುವ ಹೊತ್ತಿಗೆ ಪಾಠ ಶುರುವಾಗುತ್ತಿತ್ತು. ಬತ್ತಿ ಹೊಸೆಯುವುದು, ನೆಲ ಸಾರಿಸುವುದು, ಸಂಜೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಬೆಳಗಿನ ತನಕ ಉಳಿಸುವುದು, ಹುಳ ಬೀಳದಂತೆ ಬೇವಿನ ಸೊಪ್ಪು ಹಾಕಿ ಕಾಳು ತುಂಬುವುದು. ಇವೆಲ್ಲ ಆದಮೇಲೆ ಕೊನೆಗೆ ಕೌದಿ ಹೊಲಿಯುವುದು. ಇಂಥ ವಿದ್ಯೆ ವ್ಯಾಕರಣದಲ್ಲಿ ಸಿಗುವುದಿಲ್ಲ, ಅಡಿವೆಯ್ಯ, ಹುಡುಕಬೇಡ.

ಒಂದು ಮಾಗಿಯಲ್ಲಿ ಪಾಠಕ್ಕೆ ಬಂದವರಲ್ಲಿ ಕುಂಬಾರನ ಸೊಸೆಯೂ ಒಬ್ಬಳು. ತಾಯಿಯಿಲ್ಲದ ಹುಡುಗಿ, ಸೋದರಮಾವನ ಮನೆಯಲ್ಲಿ ಬೆಳೆದವಳು. ಅಲ್ಲಿ ಅವಳಿಂದ ಕೆಲಸ ಮಾಡಿಸಿಕೊಂಡರೇ ಹೊರತು ಯಾರೂ ಏನನ್ನೂ ಕೂತು ಕಲಿಸಿರಲಿಲ್ಲ. ಏನು ಮಾಡಿದರೂ ತಪ್ಪಾಯಿತೇನೋ ಎಂದು ಎದುರಿನವರ ಮುಖ ನೋಡುವ ಅಭ್ಯಾಸ ಅವಳಿಗೆ ಅಲ್ಲಿಂದಲೇ ಬಂದಿತ್ತು.

ಗಂಡನ ಮನೆಯಲ್ಲಿ ಇದ್ದವರು ಗಂಡ ಮತ್ತು ಮಾವ, ಇಬ್ಬರೇ. ಅತ್ತೆ ತೀರಿಹೋಗಿದ್ದಳು. ಮಾವ ವಯಸ್ಸಾದವನು, ದಮ್ಮಿನ ರೋಗಿ. ಚಳಿ ಬಂದರೆ ಅವನ ಉಸಿರು ಕಟ್ಟುತ್ತಿತ್ತು. ಬೆಂಕಿ ಕಾಯೋಣವೆಂದರೆ ಹೊಗೆ ಅವನಿಗೆ ಆಗಿಬರುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಕಂಬಳಿ. ಮಗ ಗಡಿಗೆ ಮಾರಲು ಗಾಡಿ ಕಟ್ಟಿಕೊಂಡು ಊರೂರು ತಿರುಗಲು ಹೊರಟಾಗ ಆ ಕಂಬಳಿಯನ್ನು ಅಪ್ಪನಿಗೆ ಹೊದಿಸಿದ. ಅಪ್ಪ ಅದನ್ನು ತೆಗೆದು ಮಗನ ಹೆಗಲಿಗೆ ಹಾಕಿದ.

“ನೀ ಬಯಲಾಗ ಮಲಗಾಂವ, ತಗೊಂಡು ಹೋಗು. ನನಗ ಸೊಸಿ ಕೌದಿ ಹೊಲಿದು ಕೊಡ್ತಾಳ,” ಎಂದ.

ಮಗ ಕಂಬಳಿ ಹೊದ್ದು ಹೋದ. ಮಾವ ಅಡಕಲು ಗಡಿಗೆಗಳನ್ನು ಒಂದೊಂದಾಗಿ ಇಳಿಸಿ, ಎಲ್ಲಕ್ಕಿಂತ ಕೆಳಗಿನದರಿಂದ ತನ್ನ ಹೆಂಡತಿಯ ಹಳೆಯ ಸೀರೆಗಳನ್ನು ತೆಗೆದ. ಅವನ್ನು ಒಂದು ಸಲ ಮೂಸಿ ಸೊಸೆಯ ಕೈಗೆ ಕೊಟ್ಟ. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಏನೂ ಹೇಳದೆ ಕೊಟ್ಟದ್ದರಿಂದ ಅವಳಿಗೆ ಕೈಯಲ್ಲಿ ಬೆಂಕಿ ಹಿಡಿದಂತಾಯಿತು.

ಕೌದಿಯ ಕ್ರಮ ನಿನಗೆ ಗೊತ್ತಿರಲಿಕ್ಕಿಲ್ಲ. ಹಳೆಯ ಅರಿವೆಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ, ಮೂಲೆಗೆ ಕಲ್ಲು ಇಟ್ಟು, ಅಂಚಿನಿಂದ ಹೊಲಿಯುತ್ತ ಬರಬೇಕು. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು, ಅದರ ಒಳಗೆ ಮತ್ತೊಂದು. ಹೀಗೆ ನಡುವಿಗೆ ಬಂದು ನಿಂತರೆ ಕೌದಿ ಮುಗಿಯಿತು. ಒಂದು ಸುತ್ತಿನಲ್ಲಿ ಸಾಲು ಡೊಂಕಾದರೆ ಒಳಗಿನ ಸುತ್ತುಗಳೂ ಆ ಡೊಂಕನ್ನೇ ಹಿಡಿದು ಹೋಗುತ್ತವೆ. ಕಲಿಯುವವರ ಕೌದಿಗಳೆಲ್ಲ ಹಾಗೆಯೇ ಇರುತ್ತವೆ. ಡೊಂಕಾದರೂ ಅವು ಚಳಿ ತಡೆಯುತ್ತವೆ.

ಪಡಸಾಲೆಯಲ್ಲಿ ಹೆಂಗಸರು ಮಾತಿಗೆ ಮಾತು ಬಂದು ಅವಳ ಅತ್ತೆಯನ್ನು ನೆನೆದರು. ಆಕೆಯ ಹೊಲಿಗೆ ಎಂದರೆ ಇರುವೆ ಸಾಲು ಹೋದ ಹಾಗೆ ಇರುತ್ತಿತ್ತು ಎಂದರು. ಅವರು ಹೇಳಿದ್ದು ಪ್ರೀತಿಯಿಂದ. ಕುಂಬಾರನ ಸೊಸೆ ತನ್ನ ಸಾಲನ್ನು ನೋಡಿಕೊಂಡಳು. ಅದು ಒಂದು ಕಡೆ ಸ್ವಲ್ಪ ಬಾಗಿತ್ತು. ಆ ಸಂಜೆ ಮನೆಗೆ ಹೋಗಿ, ಬಾಗಿಲು ಓರೆ ಮಾಡಿ, ಇಡೀ ಸುತ್ತನ್ನು ಬಿಚ್ಚಿಬಿಟ್ಟಳು.

ಮರುದಿನ ಮತ್ತೆ ಹೊಲಿದಳು. ಈ ಸಲ ಸಾಲು ನೆಟ್ಟಗಿತ್ತು. ಮುದುಕಿ ಅವಳ ಅರಿವೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. “ನೋಡ್ರೆವ್ವ, ಹಿಂಗ ಹೊಲೀರಿ,” ಎಂದಳು. ಬಿಚ್ಚಿ ಹೊಲಿದದ್ದು ಅವಳಿಗೆ ಗೊತ್ತಿರಲಿಲ್ಲ. ಮುದುಕಿ ಒಳ್ಳೆಯವಳೇ, ಆದರೆ ಅಂದು ಹೊಗಳಬಾರದಿತ್ತು. ಆ ಹೊಗಳಿಕೆ ಹುಡುಗಿಯ ತಲೆಯ ಮೇಲೆ ಕೂತುಬಿಟ್ಟಿತು. ಇನ್ನು ಒಂದು ಸಾಲು ಡೊಂಕಾದರೂ ಎಲ್ಲರೆದುರು ಮಾನ ಹೋಗುತ್ತದೆ ಎಂದು ಅವಳಿಗೆ ಅನ್ನಿಸತೊಡಗಿತು.

ಪಕ್ಕದಲ್ಲಿ ಒಬ್ಬ ಒಕ್ಕಲಿಗನ ಸೊಸೆ ಕೂರುತ್ತಿದ್ದಳು. ಅವಳ ಹೊಲಿಗೆ ಕೋಳಿ ಕೆದರಿದಂತಿತ್ತು. ಎಲ್ಲರೂ ನಕ್ಕರೆ ಅವಳೂ ನಗುತ್ತಿದ್ದಳು. ನಗುನಗುತ್ತಲೇ ಕೌದಿ ಮುಗಿಸಿ, ಅದನ್ನು ಕೂಸಿಗೆ ಹೊದಿಸಿ, ತಾನು ಹೊಸದನ್ನು ಹಾಸಿ ಕೂತಳು. ಕುಂಬಾರನ ಸೊಸೆಗೆ ಅವಳನ್ನು ಕಂಡರೆ ಆಶ್ಚರ್ಯವಾಗುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು.

ಯಾರ ಕಣ್ಣಿಗೂ ಬೀಳದಿರಲೆಂದು ಅವಳು ಅರಿವೆಯನ್ನು ಮನೆಗೇ ಒಯ್ದು ಹೊಲಿಯತೊಡಗಿದಳು. ಹಗಲು ಹೊಲಿಯುವುದು, ಸಂಜೆ ಬಿಚ್ಚುವುದು. ಅವಳ ದಿನಗಳು ಹೀಗೆ ಹೋದವು. ಹೊಲಿಯುವಾಗ ಅವಳಿಗೆ ಸಮಾಧಾನವಿರಲಿಲ್ಲ, ಬಿಚ್ಚುವಾಗಲೂ ಇರಲಿಲ್ಲ. ಮನೆಯ ಪಡಸಾಲೆಯಿಂದ ಮಾವನ ಕೆಮ್ಮು ಕೇಳಿಸಿದರೆ ಬೇಗ ಹೊಲಿಯಬೇಕು ಎನ್ನಿಸುತ್ತಿತ್ತು. ಬೇಗ ಹೊಲಿದರೆ ಸಾಲು ಬಾಗುತ್ತಿತ್ತು. ಸಾಲು ಬಾಗಿದರೆ, ಮಾವ ಈ ಸೀರೆಗಳನ್ನು ದಿನವೂ ಮೈಮೇಲೆ ಎಳೆದುಕೊಳ್ಳುವಾಗ ಏನೆಂದುಕೊಳ್ಳುತ್ತಾನೋ ಎಂದು ಬಿಚ್ಚಲು ಕೂರುತ್ತಿದ್ದಳು. ಅವನ ಕಣ್ಣಿಗೆ ಮೊದಲು ಬೀಳುವುದು ಆ ಡೊಂಕೇ ಎಂದು ಅವಳು ನಂಬಿದ್ದಳು.

ಮೊದಮೊದಲು ಮಾವ ಕೇಳುತ್ತಿದ್ದ. “ಎಲ್ಲೀ ತನಕಾ ಬಂತವ್ವಾ?”

“ನಾಳೆ ಮುಗೀತದ, ಮಾವ,” ಎನ್ನುತ್ತಿದ್ದಳು. ಹೇಳುವಾಗ ಅವಳ ಮುಖ ಬಿಳಚಿಕೊಳ್ಳುತ್ತಿತ್ತು. ಮಾವ ಅದನ್ನು ಕಂಡ. ಹುಡುಗಿಗೆ ತಾನು ಅವಸರ ಮಾಡಿದಂತಾಯಿತೇನೋ ಎಂದುಕೊಂಡು ಕೇಳುವುದನ್ನೇ ಬಿಟ್ಟ. ಪಕ್ಕದ ಮನೆಯವರು ಚಾದರ ತಂದರೆ, ಇನ್ನೇನು ನನ್ನ ಕೌದಿ ಬಂತು ಎಂದು ವಾಪಸ್ಸು ಕಳಿಸಿದ. ಸೊಸೆಯ ಮಾತು ಸುಳ್ಳಾಗಬಾರದೆಂದು ಗೋಣಿಚೀಲವನ್ನು ಕುತ್ತಿಗೆಯ ತನಕ ಎಳೆದುಕೊಂಡು ಮಲಗಿದ. ಅವನು ಕೇಳದೆ ಇದ್ದದ್ದು ಅವಳಿಗೆ ಇನ್ನಷ್ಟು ಭಯ ತಂದಿತು. ಸಿಟ್ಟಾಗಿದ್ದಾನೆ ಎಂದುಕೊಂಡಳು.

ಹಳೆಯ ಸೀರೆ ಎಷ್ಟು ಸಲ ತಾಳೀತು? ಸೂಜಿ ಚುಚ್ಚಿದಲ್ಲೇ ಮತ್ತೆ ಚುಚ್ಚಿ, ಎಳೆದಲ್ಲೇ ಮತ್ತೆ ಎಳೆದು, ಅಂಚಿನ ಉದ್ದಕ್ಕೂ ಅರಿವೆ ಜಾಳಾಗುತ್ತ ಬಂತು. ಅದನ್ನು ಕಂಡು ಅವಳ ಜೀವ ಹಾರಿತು. ಈ ಸಲ ಸರಿಯಾಗಿ ಹೊಲಿದುಬಿಡುತ್ತೇನೆ, ಇನ್ನೆಂದೂ ಬಿಚ್ಚುವುದಿಲ್ಲ ಎಂದು ದೇವರಿಗೆ ಹರಕೆ ಹೊತ್ತಳು. ಹರಕೆ ಹೊತ್ತು, ಇದೊಂದು ಸಲ ಮಾತ್ರ ಎಂದುಕೊಂಡು, ಎಲ್ಲ ಸುತ್ತುಗಳನ್ನೂ ಬಿಚ್ಚಿದಳು.

ಅಂದೇ ಗಾಳಿ ತಿರುಗಿತು. ಮೂಡಣದಿಂದ ಬೀಸಿದ ಗಾಳಿಗೆ ಹಗಲಲ್ಲೇ ಜನ ಬಾಗಿಲು ಹಾಕಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಮಾವನ ಮೈ ಕಾದ ಹೆಂಚಾಗಿತ್ತು. ಮೈ ಸುಡುತ್ತಿದ್ದರೂ ಅವನು ಗಡಗಡ ನಡುಗುತ್ತಿದ್ದ.

“ಎಷ್ಟಾಗೇತೋ ಅಷ್ಟ ತಂದು ಹಾಕವ್ವಾ,” ಎಂದ.

ಎಷ್ಟಾಗಿತ್ತು? ಏನೂ ಆಗಿರಲಿಲ್ಲ. ಅವಳು ಒಳಗೆ ಹೋಗಿ ನಿಂತಳು. ನೆಲದ ಮೇಲೆ ಸೀರೆಗಳು ಬಿಡಿಬಿಡಿಯಾಗಿ ಬಿದ್ದಿದ್ದವು, ಪಕ್ಕದಲ್ಲಿ ದಾರದ ಗುಪ್ಪೆ. ಮುದುಕಿಯ ಮನೆಗೆ ಓಡಬೇಕೆಂದು ಬಾಗಿಲ ತನಕ ಬಂದಳು. ಮುದುಕಿ ಬಂದರೆ ಅರಿವೆ ನೋಡುತ್ತಾಳೆ, ನೋಡಿದರೆ ತಿಳಿಯುತ್ತದೆ, ನಾನು ಎಲ್ಲರಿಗೂ ಎತ್ತಿ ತೋರಿಸಿದ ಹೊಲಿಗೆ ಇದೇನಾ ಎನ್ನುತ್ತಾಳೆ. ಅವಳ ಕಾಲು ಹೊಸ್ತಿಲು ದಾಟಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿಯಲೂ ಮನಸ್ಸು ಬರಲಿಲ್ಲ. ವಾಪಸ್ಸು ಬಂದು ಸೀರೆಗಳನ್ನು ಒಂದರ ಮೇಲೊಂದು ಮಾವನ ಮೇಲೆ ಹರಡಿದಳು.

ಹೊಲಿಗೆಯಿಲ್ಲದ ಪದರಗಳು ನಿಲ್ಲುತ್ತವೆಯೇ? ಅವನು ಕೆಮ್ಮಿದರೆ ಒಂದು ಜಾರುತ್ತಿತ್ತು, ಹೊರಳಿದರೆ ಇನ್ನೊಂದು. ಅವಳು ಎತ್ತಿ ಹಾಕಿದಳು, ಮತ್ತೆ ಜಾರಿದವು. ಕೊನೆಗೆ ಎಲ್ಲ ಅಂಚುಗಳನ್ನೂ ಕೂಡಿಸಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅವನ ಪಕ್ಕದಲ್ಲೇ ಕೂತಳು. ದಾರ ಮಾಡಬೇಕಾದ ಕೆಲಸವನ್ನು ಅವಳ ಬೆರಳುಗಳು ಮಾಡುತ್ತಿದ್ದವು.

ಮಾವ ಕಣ್ಣು ತೆರೆದು ಸೀರೆಗಳನ್ನು ನೋಡಿದ. ಅವಳ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು.

“ನಿಮ್ಮತ್ತಿ ಹೊಲಿದ ಮೊದಲನೇ ಕೌದಿ ನೋಡಬೇಕಿತ್ತು ನೀ,” ಎಂದ. “ಒಂದು ಮೂಲಿ ಇತ್ತಾಗ, ಒಂದು ಮೂಲಿ ಅತ್ತಾಗ. ಹೊತಗೊಂಡ್ರ ಕಾಲು ಹೊರಗ ಉಳೀತಿದ್ವು. ನಕ್ಕೋತ ನಕ್ಕೋತ ಅದ್ರಾಗ ಮಲಗತಿದ್ವಿ. ಅದು ಹರದು ಹೋತು ಅಂತ ನಾ ಅತ್ತೀನಿ, ಗೊತ್ತೇನು?”

ಅವನು ಅಷ್ಟು ಮಾತಾಡಿದ್ದೇ ಹೆಚ್ಚು. ಅವಳು ಕೈ ಬಿಡಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಅವನ ನಡುಕ ನಿಂತಿತು. ನಿದ್ದೆ ಹತ್ತಿತೆಂದು ಅವಳು ದೇವರಿಗೆ ಕೈ ಮುಗಿಯಹೋದಳು. ಬೆರಳುಗಳು ಮರಗಟ್ಟಿ ಬಿಚ್ಚಲು ಬರಲಿಲ್ಲ. ಆಗ ಅವನ ಮುಖ ನೋಡಿದಳು. ಅದು ನಿದ್ದೆಯಾಗಿರಲಿಲ್ಲ.

ಕೌದಿ ಇದ್ದಿದ್ದರೆ ಉಳಿಯುತ್ತಿದ್ದನೇ? ಅದನ್ನು ಹೇಳಲು ಬರುವುದಿಲ್ಲ. ವಯಸ್ಸಾಗಿತ್ತು, ದಮ್ಮಿತ್ತು, ಹೋಗುವ ಕಾಲವೇ ಬಂದಿತ್ತೇನೋ. ಆದರೆ ಬೆಚ್ಚಗೆ ಹೋಗುತ್ತಿದ್ದ.

ಬೆಳಗಾದಮೇಲೆ ಅಳು ಕೇಳಿ ಮುದುಕಿ ಬಂದಳು. ಬಿಡಿ ಸೀರೆಗಳನ್ನು ಕಂಡಳು. ಅಂಚನ್ನು ಬೆಳಕಿಗೆ ಹಿಡಿದಾಗ ಸೂಜಿಯ ತೂತುಗಳೆಲ್ಲ ಕಾಣಿಸಿದವು. ಅವಳು ಬಯ್ಯಲಿಲ್ಲ. ಹುಡುಗಿಯ ಎದುರು ನೆಲದ ಮೇಲೆ ಕುಸಿದು ಕೂತು, ಅವಳ ಮರಗಟ್ಟಿದ ಬೆರಳುಗಳನ್ನು ತನ್ನ ಕೈಯಲ್ಲಿ ತಿಕ್ಕತೊಡಗಿದಳು.

“ನನ್ನ ಮನ್ಯಾಗ ಎಷ್ಟೊಂದು ಕೌದಿ ಇದ್ವಲ್ಲವ್ವಾ. ಯಾಕ ಬರಲಿಲ್ಲ ನೀ?”

“ಬಿಚ್ಚಿದ್ದು ಗೊತ್ತಾಗತಿತ್ತು, ಆಯೀ,” ಎಂದಳು ಹುಡುಗಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯನ ಕೈಗಳು ಉತ್ತರೀಯದ ಅಂಚನ್ನು ಹಿಡಿದುಕೊಂಡಿದ್ದವು. ಹಿಡಿದದ್ದು ಅವನಿಗೇ ತಿಳಿದಿರಲಿಲ್ಲ.

“ಆ ಕೌದಿ ಆಮೇಲೆ ಮುಗಿಯಿತೇ, ಗುರುಗಳೇ?” ಎಂದು ಕೇಳಿದ.

“ಮುಗಿಯಿತು. ಮುಂದಿನ ಮಾಗಿಯಲ್ಲಿ. ಒಂದು ಸಾಲೂ ಡೊಂಕಿರಲಿಲ್ಲ. ಈಗಲೂ ಅವರ ಮನೆಯಲ್ಲಿದೆಯಂತೆ, ಯಾರೂ ಹೊದೆಯುವುದಿಲ್ಲ.”

ಅಡಿವೆಯ್ಯ ಮತ್ತೇನೋ ಕೇಳಲು ಬಾಯಿ ತೆರೆದ. ಗುರುಗಳು ಕೈ ಎತ್ತಿ ಅವನನ್ನು ತಡೆದು, ಮುಂಬಾಗಿಲ ಕಡೆ ನೋಡಿದರು.

“ಆ ಹಿರಿಯರಿಬ್ಬರೂ ಬೆಳಗಿನಿಂದ ಅಂಗಳದಲ್ಲೇ ಕೂತಿದ್ದಾರೆ, ಅಡಿವೆಯ್ಯ, ಹೊರಗೆ ಚಳಿ ಬಹಳ ಇದೆ.”