ಮದುವೆ ನಿಲ್ಲಿಸಿದ ಹೊಸ ಕಾರ್ಡ್

ತಿಪಟೂರಿನ ವೃಷಭೇಂದ್ರನ ಮನೆಯಲ್ಲಿ ಒಂದು ಸರ್ವರ್ ಇತ್ತು. ಪೆಟ್ಟಿಗೆ ಒಂದೇ ಆದರೂ ಅದರೊಳಗೆ ನಾಲ್ಕು ಕಂಪ್ಯೂಟರ್‌ಗಳ ಕೆಲಸ ನಡೆಯುತ್ತಿತ್ತು. ಅದರಲ್ಲಿ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಎರಡು ನೆಟ್‌ವರ್ಕ್ ಕಾರ್ಡ್‌ಗಳಿದ್ದವು. ಒಂದು ಯಾವುದೋ ಕಚೇರಿಯಿಂದ ಬಿಚ್ಚಿ ತಂದ ಹಳೆಯದು, ಇನ್ನೊಂದು ಥಳಥಳಿಸುವ ಹೊಸದು.

"ನನ್ನ ವೇಗ ನಿನ್ನದರ ಎರಡರಷ್ಟು. ಇವತ್ತಿನ ಕೇಬಲ್ ನನಗೇ ಸಲ್ಲಬೇಕು" ಎಂದಿತು ಹೊಸದು.

"ಆಗಲಿ. ಬಿಸಿಯಾದರೆ ಏನು ಮಾಡುತ್ತೀರಿ?" ಎಂದು ಹಳೆಯದು ಕೇಳಿತು.

"ಬಿಸಿಯಾಗುವುದರೊಳಗೆ ಕೆಲಸ ಮುಗಿಸುತ್ತೇನೆ."

ವೃಷಭೇಂದ್ರನೂ ಡಬ್ಬಿಯ ಮೇಲೆ ಬರೆದ ವೇಗವನ್ನು ನಂಬಿ ಹೊಸದಕ್ಕೇ ಕೇಬಲ್ ಸಿಕ್ಕಿಸಿದ. ಅಂದು ಶಿವಮೊಗ್ಗದಲ್ಲಿ ಅವನ ಅಜ್ಜಿಯ ಮೊಮ್ಮಗಳೊಬ್ಬಳ ಮದುವೆ. ನಡೆಯಲಾರದ ಅಜ್ಜಿ ಶಿವನಾಗಮ್ಮ, ಆ ಸರ್ವರ್ ಮೂಲಕ ಬರುತ್ತಿದ್ದ ನೇರ ಪ್ರಸಾರವನ್ನು ಮನೆಯಲ್ಲೇ ಟೀವಿಯಲ್ಲಿ ನೋಡುತ್ತಿದ್ದರು. ವರ ತಾಳಿ ಎತ್ತಿದ. ಅಷ್ಟರಲ್ಲಿ ಹೊಸ ಕಾರ್ಡ್ ಕಾದು ಕೆಲಸ ನಿಲ್ಲಿಸಿತು. ತಾಳಿ ಹಿಡಿದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

"ಯಾಕೋ ಮಗ, ಹುಡುಗ ಹಿಂದುಮುಂದು ನೋಡ್ತಾವ್ನೆ" ಎಂದರು ಅಜ್ಜಿ. "ಅವನ ಅಪ್ಪನಿಗೆ ಫೋನ್ ಹಚ್ಚು, ನಾನು ಮಾತಾಡ್ತೀನಿ."

ವೃಷಭೇಂದ್ರ ಬೆವರುತ್ತ ಓಡಿಹೋಗಿ ಕೇಬಲನ್ನು ಹಳೆಯ ಕಾರ್ಡ್‌ಗೆ ಹಾಕಿದ. ಚಿತ್ರ ನಿಂತಲ್ಲಿಂದಲೇ ಮುಂದುವರಿಯಿತು. ವರ ಮೂರು ಗಂಟು ಹಾಕಿದ.

"ಫೋನ್ ಅಂದಿದ್ದಕ್ಕೇ ಕಟ್ಟಿದ ನೋಡು" ಎಂದು ಅಜ್ಜಿ ದಿಂಬಿಗೆ ಒರಗಿದರು.

ಪೆಟ್ಟಿಗೆಯೊಳಗೆ ಹೊಸದು ಕೇಳಿತು: "ಅಲ್ಲಿಯವರೆಗೆ ನನ್ನ ವೇಗ ನೋಡಿದೆಯಾ?"

"ನೋಡಿದೆ" ಎಂದಿತು ಹಳೆಯದು. "ಮದುವೆ ಮಾತ್ರ ಅಲ್ಲಿಂದ ಮುಂದೆ ಇತ್ತು."