ಮತ್ತಿಮರದ ವಿದೇಶಿ ನೆಂಟ

ಹಡಗಿನಲ್ಲಿ ಬಂದ ಮರದ ಪೆಟ್ಟಿಗೆಯಿಂದ ಇಳಿದ ಕೊರೆಹುಳವೊಂದು ಕಾಡಂಚಿನ ಮತ್ತಿಮರಕ್ಕೆ, “ಪರದೇಶದವನು, ತಂಗಲು ಬೆರಳಗಲ ಜಾಗ ಕೊಡಿ ಸ್ವಾಮಿ” ಎಂದಿತು. ಕಾಡಿನಲ್ಲಿ ಯಾರಿಗೂ ಇಲ್ಲದ ವಿದೇಶಿ ನೆಂಟ ತನಗೆ ಸಿಕ್ಕನೆಂದು ಮತ್ತಿಮರ ಉಬ್ಬಿಹೋಯಿತು. ಮರಕುಟಿಗ ಹಾರಿಬಂದು, “ಈಗಲೇ ಹೆಕ್ಕಿಬಿಡಲೇ?” ಎಂದಾಗ, “ಅತಿಥಿಯ ಮೇಲೆ ಕೊಕ್ಕೆತ್ತುತ್ತೀಯಾ? ನಡಿ ಆಚೆ!” ಎಂದು ಗದರಿ ಓಡಿಸಿತು.

ಕೆಲವೇ ವರ್ಷಗಳಲ್ಲಿ ಹುಳದ ಹೆಂಡತಿ, ಮಕ್ಕಳು, ಬೀಗರೆಲ್ಲ ಸೇರಿ ಮರವನ್ನು ಟೊಳ್ಳು ಮಾಡಿದರು. ಕೊಯ್ಯಲು ಬಂದವನೂ ತಟ್ಟಿ ನೋಡಿ, “ಸೌದೆಗೂ ಆಗದು” ಎಂದು ಹೊರಟುಹೋದ. ಆಗ ಹುಳ ಮೂಗು ಮುರಿಯಿತು: “ನಿಮ್ಮ ಮನೆ ಬಹಳ ಅಲುಗಾಡುತ್ತದೆ ಸ್ವಾಮಿ. ನಾವು ಪಕ್ಕಕ್ಕೆ ಹೋಗುತ್ತೇವೆ.”

ಮತ್ತಿಮರ ನಾಚಿಕೆ ಬಿಟ್ಟು ಪಕ್ಕದ ಹೊನ್ನೆಮರಕ್ಕೆ ಕೂಗಿ ಹೇಳಿತು: “ಅವನನ್ನು ಸೇರಿಸಬೇಡ! ನನ್ನನ್ನು ತಿಂದು ಮುಗಿಸಿದ!”

ಹೊನ್ನೆಮರ ನಕ್ಕಿತು. “ಹೊಟ್ಟೆಕಿಚ್ಚು ಪಡಬೇಡ ಮಾರಾಯ. ಇಷ್ಟು ವರ್ಷ ನೀನೊಬ್ಬನೇ ಮೆರೆದದ್ದು ಸಾಕು.”